ಹೊರಗಿನಿಂದ ಬಾರದ ಕಾಯಿಲೆ

1957ರ ಬೇಸಿಗೆ ಕಾಲಿಡುವ ಹೊತ್ತಿಗೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಮರದ ಮೇಲಿದ್ದ ಮುಸಿಯಗಳು ಬುಡಕ್ಕೆ ಬಿದ್ದಿದ್ದವು. ಅದರ ಬೆನ್ನಿಗೇ ಸೌದೆಗೆ, ಸೊಪ್ಪಿಗೆ ಆ ಕಾಡಿಗೆ ಹೋಗಿ ಬಂದವರು ಸುಡುವ ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಬಂದು, ಸತ್ತ ಮಂಗಗಳ ದೇಹ, ರೋಗಿಗಳ ರಕ್ತ, ಕಾಡಿನ ಉಣುಗು ಎಲ್ಲವನ್ನೂ ಪರೀಕ್ಷಿಸಿತು. ಮೂರರಲ್ಲೂ ಸಿಕ್ಕಿದ್ದು ಒಂದೇ ವೈರಸ್. ಜಗತ್ತಿನ ವೈದ್ಯಗ್ರಂಥಗಳಲ್ಲಿ ಸೊರಬದ ಒಂದು ಸಣ್ಣ ಕಾಡಿನ ಹೆಸರು ಹಾಗೆ ಸೇರಿತು: ಕ್ಯಾಸನೂರು ಫಾರೆಸ್ಟ್ ಡಿಸೀಸ್. ನಮ್ಮವರ ಬಾಯಲ್ಲಿ ಅದು ಮಂಗನ ಕಾಯಿಲೆ.

ಪಕ್ಕದ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಇನ್ನೊಂದು ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮೊಣಕಾಲಿನ ಕೀಲುಗಳು ಸವೆದು ಜನ ನಡೆಯಲಾರದೆ ಹೋದರು. ಕೆಲವರು ಕುಳ್ಳಾಗಿಯೇ ಉಳಿದರು. ಔಷಧಿ ಹೊಡೆದ ಗದ್ದೆಯ ಏಡಿ ತಿಂದದ್ದರಿಂದ ಹೀಗಾಯಿತು ಎಂಬ ಅನುಮಾನ ಮೊದಲು ಎದ್ದಿತು. ಮನೆತನಗಳ ವಂಶಾವಳಿ ಬಿಡಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ತಂದೆ ಅಥವಾ ತಾಯಿಯಿಂದ ಮಗುವಿಗೆ ಇಳಿದು ಬರುವ ಜೀನ್ ದೋಷ ಅದಾಗಿತ್ತು.

ಒಂದು ಕಾಯಿಲೆ ಕಾಡಿನಿಂದ ಬಂತು, ಇನ್ನೊಂದು ವಂಶದಿಂದ ಬಂತು. ಅಂಟಿದ್ದು ಅಥವಾ ಹುಟ್ಟಿನಿಂದ ಬಂದದ್ದು, ಹೀಗೆ ಎರಡೇ ಬಾಗಿಲಿನಿಂದ ಕಾಯಿಲೆ ಒಳಗೆ ಬರುತ್ತದೆ ಎಂದು ನಮ್ಮ ಸೀಮೆಯ ಜನ ನಂಬುವುದಕ್ಕೆ ಕಣ್ಣೆದುರಿನ ಸಾಕ್ಷಿಯಿದೆ. ಆದ್ದರಿಂದಲೇ ಶಿಕಾರಿಪುರದಲ್ಲೋ ಆನವಟ್ಟಿಯಲ್ಲೋ ಒಬ್ಬರಿಗೆ ತಲೆಯಲ್ಲಿ ಗಡ್ಡೆ ಎಂದು ಗೊತ್ತಾದ ದಿನ, ಮನೆಮಂದಿ ಆ ಎರಡು ಬಾಗಿಲುಗಳನ್ನೇ ತಟ್ಟುತ್ತಾರೆ. ಮನೆಯ ಹಿಂದಿನ ಮೊಬೈಲ್ ಟವರೇ? ಶುಂಠಿಗೆ ಹೊಡೆದ ಔಷಧಿಯೇ? ಬೋರ್‌ವೆಲ್ ನೀರೇ? ತಾಯಿ ಕಡೆಯವರಲ್ಲಿ ಯಾರಿಗಾದರೂ ಇತ್ತೇ? ಮಗು ಚಿಕ್ಕಂದಿನಲ್ಲಿ ತೊಟ್ಟಿಲಿನಿಂದ ಬಿದ್ದಿತ್ತಲ್ಲ, ಅದೇ ಇರಬಹುದೇ? ರಾತ್ರಿ ಬಸ್ಸಿನಲ್ಲಿ ಎಂಆರ್‌ಐ ಫಿಲ್ಮಿನ ದೊಡ್ಡ ಕವರನ್ನು ತೊಡೆಯ ಮೇಲಿಟ್ಟುಕೊಂಡು ಮುನ್ನೂರು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಹೋಗುವವರ ಮನಸ್ಸಿನಲ್ಲಿ ತಿರುಗುವುದು ಈ ಪ್ರಶ್ನೆಗಳೇ.

ಮೆದುಳಿನ ಗಡ್ಡೆ ಬಹುಪಾಲು ಈ ಎರಡೂ ಬಾಗಿಲಿನಿಂದ ಬಂದದ್ದಲ್ಲ. ಅದು ಮನೆಯೊಳಗೇ ಹುಟ್ಟಿದ್ದು. ಹೇಗೆ ಹುಟ್ಟುತ್ತದೆ ಎಂಬುದನ್ನು ಈ ಅಧ್ಯಾಯದಲ್ಲಿ ನೋಡೋಣ.

ಗಡ್ಡೆ ಎಂಬ ಮಾತು

ಕನ್ನಡದಲ್ಲಿ ಶುಂಠಿಯೂ ಗಡ್ಡೆ, ಸುವರ್ಣಗಡ್ಡೆಯೂ ಗಡ್ಡೆ, ಮೈಯಲ್ಲಿ ಬೆಳೆದ ಟ್ಯೂಮರೂ ಗಡ್ಡೆ. ಶುಂಠಿ ಬೆಳೆಯುವ ಸೊರಬ, ಶಿಕಾರಿಪುರದ ರೈತನಿಗೆ ಗಡ್ಡೆ ಎಂದಕೂಡಲೇ ಕಣ್ಣಿಗೆ ಕಟ್ಟುವುದು ಗುದ್ದಲಿಯಿಂದ ಎಬ್ಬಿಸಿ, ಮಣ್ಣು ಕೊಡವಿ, ಇಡಿಯಾಗಿ ಕೈಗೆತ್ತಿಕೊಳ್ಳಬಹುದಾದ ವಸ್ತು. ಕೆಲವು ಮೆದುಳಿನ ಗಡ್ಡೆಗಳು ನಿಜಕ್ಕೂ ಹಾಗೆಯೇ ಇರುತ್ತವೆ. ಮೆದುಳನ್ನು ಸುತ್ತಿರುವ ಪೊರೆಯಲ್ಲಿ ಹುಟ್ಟುವ ಮೆನಿಂಜಿಯೋಮಾ ಮೆದುಳನ್ನು ಹೊರಗಿನಿಂದ ಒತ್ತುತ್ತದೆ, ಸಾಮಾನ್ಯವಾಗಿ ಒಳನುಗ್ಗುವುದಿಲ್ಲ. ಕೈಗೆಟುಕುವ ಜಾಗದಲ್ಲಿದ್ದರೆ ಶಸ್ತ್ರಚಿಕಿತ್ಸಕರು ಅದನ್ನು ಪೂರ್ತಿ ಎಬ್ಬಿಸಿ ತೆಗೆಯುತ್ತಾರೆ. ಹಾಗೆ ತೆಗೆಸಿಕೊಂಡು ಊರಿಗೆ ಮರಳಿ, ಗದ್ದೆ ಕೆಲಸ ಮಾಡಿಕೊಂಡು ದಶಕಗಳ ಕಾಲ ಬದುಕುವುದು ಸಾಧ್ಯ.

ಗ್ಲಿಯೋಮಾ ಎಂಬ ಜಾತಿ ಹಾಗಲ್ಲ. ಅದನ್ನು ಅರಿಯಲು ಶುಂಠಿಯ ಬದಲು ಜೇಕು ಹುಲ್ಲನ್ನು ನೆನೆಯಬೇಕು. ಜೇಕನ್ನೋ ಕೊನ್ನಾರಿಯನ್ನೋ ಕಿತ್ತವರಿಗೆ ಗೊತ್ತು: ಮೇಲಿನ ಹುಲ್ಲು ಕೈಗೆ ಬರುತ್ತದೆ, ಒಂದು ಗಡ್ಡೆಯೂ ಬರುತ್ತದೆ, ಆದರೆ ಮಣ್ಣಿನೊಳಗೆ ದಾರದಂಥ ಬೇರಿನ ಎಳೆಗಳು ಓಡಿ ಅಲ್ಲಲ್ಲಿ ಮರಿಗಡ್ಡೆ ಇಟ್ಟಿರುತ್ತವೆ. ಎಂಟು ದಿನಕ್ಕೆ ಮಾರು ದೂರದಲ್ಲಿ ಮತ್ತೆ ಮೊಳಕೆ. 1928ರಲ್ಲಿ ಅಮೆರಿಕದ ಶಸ್ತ್ರಚಿಕಿತ್ಸಕ ವಾಲ್ಟರ್ ಡ್ಯಾಂಡಿ ಗ್ಲಿಯೋಮಾ ಬಂದ ರೋಗಿಗಳ ಮೆದುಳಿನ ಬಲ ಅರ್ಧವನ್ನೇ ಇಡಿಯಾಗಿ ತೆಗೆದದ್ದನ್ನು ವರದಿ ಮಾಡಿದರು. ಅಷ್ಟು ತೆಗೆದ ಮೇಲೂ ಕಾಯಿಲೆ ಮರಳಿತು. ಕಣ್ಣಿಗೆ ಕಾಣುವ ಗಡ್ಡೆಯಿಂದ ಬಹಳ ದೂರಕ್ಕೆ ಒಂಟಿ ಒಂಟಿ ಕೋಶಗಳು ಆಗಲೇ ನಡೆದುಹೋಗಿದ್ದವು. ಗುದ್ದಲಿ ಎಷ್ಟು ಆಳಕ್ಕೆ ಹೋದರೂ ಜೇಕಿನ ಕೊನೆಯ ಎಳೆ ಸಿಗಲಿಲ್ಲ.

ಈ ಕೋಶಗಳಿಗೆ ನಡೆಯುವುದನ್ನು ಕಲಿಸಿದವರು ಯಾರು?

ಅಂಟು ಎಂದು ಕರೆಸಿಕೊಂಡ ಕೋಶಗಳು

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನೆನಪು, ಮಾತು, ಕೈಕಾಲಿನ ಚಲನೆ ಎಲ್ಲ ಅವುಗಳ ನಡುವೆ ಹರಿಯುವ ವಿದ್ಯುತ್ ಸಂಕೇತಗಳಿಂದ. ನರಕೋಶವಾಗಿ ರೂಪುಗೊಂಡ ಮೇಲೆ ಇವು ವಿಭಜನೆ ನಿಲ್ಲಿಸಿಬಿಡುತ್ತವೆ. ಒಡೆದು ಎರಡಾಗದ ಕೋಶದಿಂದ ಗಡ್ಡೆ ಏಳುವುದು ಕಷ್ಟ. ಹಾಗಾಗಿ ದೊಡ್ಡವರ ಮೆದುಳಿನ ಗಡ್ಡೆ ನರಕೋಶದಿಂದ ಹುಟ್ಟುವುದು ಬಹಳ ಅಪರೂಪ.

ನರಕೋಶಗಳ ಜೊತೆಗೆ, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ, ಬೇರೆ ಕೋಶಗಳಿವೆ. 1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ಇವಕ್ಕೆ ಗ್ಲಿಯಾ ಎಂದು ಹೆಸರಿಟ್ಟ. ಗ್ರೀಕಿನಲ್ಲಿ ಹಾಗೆಂದರೆ ಅಂಟು. ನರಗಳನ್ನು ಹಿಡಿದಿಡುವ ಗೋಂದು ಎಂದು ಅವನು ಭಾವಿಸಿದ್ದ. ಇವು ಗೋಂದಿಗಿಂತ ಬಹಳ ದೊಡ್ಡ ಕೆಲಸ ಮಾಡುತ್ತವೆ. ನಕ್ಷತ್ರದಾಕಾರದ ಆಸ್ಟ್ರೋಸೈಟ್‌ಗಳು ನರಕೋಶಗಳಿಗೆ ಆಹಾರ ಒದಗಿಸುತ್ತವೆ, ಉಳಿದ ರಾಸಾಯನಿಕಗಳನ್ನು ಬಾಚಿ ಸ್ವಚ್ಛ ಮಾಡುತ್ತವೆ. ಆಲಿಗೊಡೆಂಡ್ರೋಸೈಟ್‌ಗಳು ನರದ ತಂತಿಗೆ ಕೊಬ್ಬಿನ ಹೊದಿಕೆ ಸುತ್ತುತ್ತವೆ. ಮೈಕ್ರೋಗ್ಲಿಯಾ ಕಾವಲು ಕಾಯುತ್ತವೆ.

ಮೈಕ್ರೋಗ್ಲಿಯಾ ಹೊರತು ಇವೆಲ್ಲಕ್ಕೂ ಒಂದೇ ಬಾಲ್ಯವಿದೆ. ತಾಯಿಯ ಗರ್ಭದಲ್ಲಿ ಮೆದುಳು ಕಟ್ಟುವಾಗ, ಒಳಗಿನ ನೀರಿನ ಕೋಣೆಗಳ ಗೋಡೆಯಲ್ಲಿ ಮೂಲಕೋಶಗಳು ಒಂದೇ ಸಮನೆ ಒಡೆದು ಎರಡಾಗುತ್ತವೆ. ಹೊಸ ಕೋಶಗಳು ಅಲ್ಲಿಂದ ಹೊರಟು, ದಾರಿ ಹುಡುಕಿಕೊಂಡು, ಎಷ್ಟೋ ದೂರ ನಡೆದು, ತಮ್ಮ ತಮ್ಮ ಜಾಗದಲ್ಲಿ ನೆಲೆಸುತ್ತವೆ. ಒಡೆಯುವುದು, ನಡೆಯುವುದು, ನೆಲೆಸುವುದು: ಮೆದುಳು ಕಟ್ಟಿದ್ದು ಈ ಮೂರು ಕೆಲಸಗಳಿಂದ. ನೆಲೆಸಿದ ಮೇಲೆ ಮೊದಲ ಎರಡು ಕೆಲಸಗಳಿಗೆ ಬೀಗ ಬೀಳುತ್ತದೆ. ಕೆಲವು ಮೂಲಕೋಶಗಳು, ಆಲಿಗೊಡೆಂಡ್ರೋಸೈಟ್ ಆಗಲು ಕಾದಿರುವ ಒಂದಷ್ಟು ಎಳೆಯ ಕೋಶಗಳು ಮಾತ್ರ ದೊಡ್ಡವರಾದ ಮೇಲೂ ಒಡೆಯುವ ಶಕ್ತಿ ಉಳಿಸಿಕೊಂಡಿರುತ್ತವೆ.

ಗ್ಲಿಯಾ ಜಾತಿಯ ಕೋಶಗಳಿಂದ ಏಳುವ ಗ್ಲಿಯೋಮಾದಲ್ಲಿ ನಡೆಯುವುದು ಆ ಬೀಗ ಮತ್ತೆ ತೆರೆಯುವುದು. ಅದರ ಕೋಶಗಳು ಒಡೆಯುತ್ತವೆ, ನಡೆಯುತ್ತವೆ. ನೆಲೆಸುವುದನ್ನು ಮಾತ್ರ ಮರೆತಿರುತ್ತವೆ. ಮೇಲಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಆ ಕೋಶಗಳಿಗೆ ನಡೆಯುವುದನ್ನು ಯಾರೂ ಹೊಸದಾಗಿ ಕಲಿಸಲಿಲ್ಲ. ನಮ್ಮನ್ನು ಕಟ್ಟುವಾಗ ಕಲಿತದ್ದನ್ನೇ ಅವು ಹೊತ್ತಲ್ಲದ ಹೊತ್ತಿನಲ್ಲಿ ಮತ್ತೆ ಮಾಡುತ್ತಿವೆ.

ಒಂದು ಗುಣಿತದ ತಪ್ಪು

ಶಿಕಾರಿಪುರದಿಂದ ಹೆಚ್ಚು ದೂರವಿಲ್ಲದ ತಾಳಗುಂದದಲ್ಲಿ ಕದಂಬರ ಕಾಲದ ಕಲ್ಲಿನ ಕಂಬವಿದೆ. ಕುಬ್ಜ ಎಂಬ ಕವಿ ರಚಿಸಿದ ಕದಂಬರ ಕಥೆ, ಮಯೂರಶರ್ಮನ ಕಥೆ, ಹದಿನೈದು ಶತಮಾನಗಳಿಂದ ಅದರ ಮೈಮೇಲಿದೆ. ಆ ಬರಹವನ್ನು ಒಬ್ಬ ಶಿಲ್ಪಿ ಇನ್ನೊಂದು ಕಲ್ಲಿಗೆ ನಕಲು ಮಾಡುತ್ತಾನೆ ಎಂದುಕೊಳ್ಳಿ. ಆ ನಕಲಿನಿಂದ ಮತ್ತೊಬ್ಬ, ಅದರಿಂದ ಇನ್ನೊಬ್ಬ. ಎಷ್ಟೇ ಎಚ್ಚರವಿದ್ದರೂ ಎಲ್ಲೋ ಒಂದು ಅಕ್ಷರ ಜಾರುತ್ತದೆ. ಬಹಳಷ್ಟು ಸಲ ಅದರಿಂದ ಅರ್ಥ ಕೆಡುವುದಿಲ್ಲ. ಆದರೆ ಎಲ್ಲೋ ಒಮ್ಮೆ ಒಂದು ಗುಣಿತ ತಪ್ಪಿ ‘ಕೊಡು’ ಎಂಬುದು ‘ಕೆಡು’ ಆಗಿಬಿಡುತ್ತದೆ.

ಪ್ರತಿ ಜೀವಕೋಶದೊಳಗೂ ಅಂಥದೊಂದು ಶಾಸನವಿದೆ: ಡಿಎನ್‌ಎ. ತಾಯಿಯಿಂದ ಬಂದ ಒಂದು ಪ್ರತಿ, ತಂದೆಯಿಂದ ಬಂದ ಒಂದು ಪ್ರತಿ. ಒಂದೊಂದರಲ್ಲೂ ಸುಮಾರು 300 ಕೋಟಿ ಅಕ್ಷರ. ಕೋಶ ಒಡೆಯುವಾಗಲೆಲ್ಲ ಇಡೀ ಶಾಸನ ನಕಲಾಗಬೇಕು. ತಪ್ಪನ್ನು ಹುಡುಕಿ ತಿದ್ದುವ ಕಿಣ್ವಗಳು ಹಿಂದೆಯೇ ಬರುತ್ತವೆ. ಅವುಗಳ ಶ್ರದ್ಧೆಗೆ ಸಾಟಿಯಿಲ್ಲ. ಆದರೂ ನಕಲಿನಿಂದ ನಕಲಿಗೆ ಬೆರಳೆಣಿಕೆಯ ತಪ್ಪುಗಳು ಉಳಿದುಬಿಡುತ್ತವೆ. ಇವೇ ಮ್ಯುಟೇಶನ್‌ಗಳು.

2008ರಲ್ಲಿ ಅಮೆರಿಕದ ವಿಜ್ಞಾನಿಗಳು ಗ್ಲಿಯೋಮಾ ಕೋಶಗಳ ಶಾಸನವನ್ನು ಸಾಲುಸಾಲಾಗಿ ಓದಿದಾಗ ಐಡಿಎಚ್1 ಎಂಬ ಜೀನಿನಲ್ಲಿ ಮತ್ತೆ ಮತ್ತೆ ಒಂದೇ ಜಾಗದಲ್ಲಿ ಒಂದೇ ಅಕ್ಷರ ತಪ್ಪಿರುವುದು ಕಂಡಿತು. 132ನೇ ಸ್ಥಾನದಲ್ಲಿ ಅರ್ಜಿನಿನ್ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ಸಾಮಾನ್ಯವಾಗಿ ಹಿಸ್ಟಿಡಿನ್ ಬಂದಿತ್ತು. ಆ ಜೀನಿನಿಂದ ಹುಟ್ಟುವ ಕಿಣ್ವ ಕೋಶದ ಅಡುಗೆಮನೆಯ ಕೆಲಸಗಾರ. ಸಕ್ಕರೆ, ಕೊಬ್ಬಿನ ವಹಿವಾಟಿನಲ್ಲಿ ಒಂದು ಸಾಮಾನ್ಯ ಹೆಜ್ಜೆ ಅದರದ್ದು. ಅಕ್ಷರ ತಪ್ಪಿದ ಕಿಣ್ವ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಬೇರೆಯೇ ವಸ್ತುವನ್ನು ತಯಾರಿಸುತ್ತದೆ. ಅದು ಕೋಶದಲ್ಲಿ ತುಂಬಿಕೊಂಡು, ಯಾವ ಜೀನನ್ನು ತೆರೆದಿಡಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ನೋಡಿಕೊಳ್ಳುವ ವ್ಯವಸ್ಥೆಯನ್ನೇ ಕಟ್ಟಿಹಾಕುತ್ತದೆ. ‘ನೀನಿನ್ನು ಬೆಳೆದೆ, ನೆಲೆಸು’ ಎಂದು ಹೇಳುವ ಜೀನ್‌ಗಳು ಮುಚ್ಚಿಹೋಗುತ್ತವೆ. ಕೋಶ ಎಳೆಯದಾಗಿಯೇ ಉಳಿದು ಒಡೆಯುತ್ತ ಹೋಗುತ್ತದೆ.

ಇಂಥ ಗ್ಲಿಯೋಮಾ ಹೆಚ್ಚಾಗಿ ಬರುವುದು ಇಪ್ಪತ್ತರಿಂದ ನಲವತ್ತೈದರ ಪ್ರಾಯದಲ್ಲಿ. ಬೆಳವಣಿಗೆ ನಿಧಾನ. ಕಾರಣ ತಿಳಿದದ್ದರಿಂದ ಅದಕ್ಕೆ ಎದುರಾದ ಮದ್ದೂ ಹುಟ್ಟಿತು. ಆ ಕೆಟ್ಟ ಕಿಣ್ವವನ್ನೇ ತಡೆಯುವ ವೊರಾಸಿಡೆನಿಬ್ ಎಂಬ ಗುಳಿಗೆಗೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದರ ಪರೀಕ್ಷೆಯಲ್ಲಿ ಗಡ್ಡೆ ಮತ್ತೆ ಬೆಳೆಯದೆ ಇದ್ದ ಅವಧಿ ಸರಾಸರಿ 11 ತಿಂಗಳಿಂದ ಸುಮಾರು 28 ತಿಂಗಳಿಗೆ ಏರಿತು. ಒಂದು ಅಕ್ಷರದ ತಪ್ಪು ಪತ್ತೆಯಾಗಿ ಹದಿನಾರು ವರ್ಷಕ್ಕೆ ಕೈಗೆ ಬಂದ ಫಲ ಇದು.

ಕೆರೆ ಒಡೆಯುವ ಬಗೆ

ಹಾಗಾದರೆ ಒಂದು ಅಕ್ಷರ ತಪ್ಪಿದ ಮಾತ್ರಕ್ಕೆ ಗಡ್ಡೆಯೇ? ಇಲ್ಲ. ನಮ್ಮದು ಕೆರೆಗಳ ಸೀಮೆ, ಆದ್ದರಿಂದ ಕೆರೆಯ ಮಾತಿನಲ್ಲೇ ಹೇಳುತ್ತೇನೆ. ಒಂದು ರಾತ್ರಿಯ ಮಳೆಗೆ ಕೆರೆ ಒಡೆಯುವುದಿಲ್ಲ. ಕೋಡಿ ಕಟ್ಟಿಕೊಂಡಿರಬೇಕು, ತೂಬು ಕೆಟ್ಟಿರಬೇಕು, ಏರಿಯ ಬಿರುಕನ್ನು ನೋಡುವ ನೀರಗಂಟಿ ಇಲ್ಲದಿರಬೇಕು. ಒಂದೊಂದೇ ಆದರೆ ಊರು ಉಳಿಯುತ್ತದೆ. ಎಲ್ಲವೂ ಒಟ್ಟಾದ ದಿನ ಏರಿ ಹೋಗುತ್ತದೆ.

ದೊಡ್ಡವರಲ್ಲಿ ಕಾಣುವ ಗ್ಲಿಯೋಮಾಗಳಲ್ಲಿ ಅತ್ಯಂತ ಉಗ್ರವಾದ ಗ್ಲಿಯೋಬ್ಲಾಸ್ಟೋಮಾದಲ್ಲಿ ಆಗುವುದು ಹೀಗೆ. ಕೋಶದ ಹೊರಮೈಯಲ್ಲಿ ಇಜಿಎಫ್‌ಆರ್ ಎಂಬ ತೂಬಿದೆ. ‘ಬೆಳೆ’ ಎಂಬ ಸಂದೇಶ ಬಂದಾಗ ತೆರೆದು ಕೆಲಸ ಮುಗಿದಾಗ ಮುಚ್ಚಬೇಕು. ಹತ್ತರಲ್ಲಿ ನಾಲ್ಕು ರೋಗಿಗಳ ಗಡ್ಡೆಯಲ್ಲಿ ಈ ಜೀನಿನ ಪ್ರತಿಗಳು ಹತ್ತಾರು ಪಟ್ಟು ಹೆಚ್ಚಿರುತ್ತವೆ. ತೂಬು ಮುಚ್ಚುವುದೇ ಇಲ್ಲ. ಆ ಹರಿವನ್ನು ತಗ್ಗಿಸಬೇಕಾದ ಪಿಟೆನ್ ಎಂಬ ಜೀನ್ ಹತ್ತನೇ ಕ್ರೋಮೋಸೋಮಿನಲ್ಲಿ, ಅಂದರೆ ಆ ಶಾಸನದ ಹತ್ತನೇ ಕಟ್ಟಿನಲ್ಲಿ, ಇದೆ. ಗ್ಲಿಯೋಬ್ಲಾಸ್ಟೋಮಾದಲ್ಲಿ ಬಹಳಷ್ಟು ಸಲ ಆ ಕ್ರೋಮೋಸೋಮಿನ ಒಂದು ಪ್ರತಿಯೇ ಕಳೆದುಹೋಗಿರುತ್ತದೆ. ಪಿ53 ನೀರಗಂಟಿ. ಡಿಎನ್‌ಎ ಬಿರುಕು ಬಿಟ್ಟರೆ ಕೋಶದ ವಿಭಜನೆಯನ್ನು ನಿಲ್ಲಿಸುವುದು, ಸರಿಪಡಿಸಲಾಗದಿದ್ದರೆ ಕೋಶವೇ ಸಾಯುವಂತೆ ಮಾಡುವುದು ಅದರ ಕೆಲಸ. ಅದೂ ಹೋದರೆ ಕೇಳುವವರಿಲ್ಲ.

ಇನ್ನೊಂದು ತಡೆ ಆಯಸ್ಸಿನದ್ದು. ಪಂಚೆಯ ಅಂಚು ಒಗೆದಷ್ಟೂ ಸವೆಯುವಂತೆ ಕ್ರೋಮೋಸೋಮಿನ ತುದಿ ಪ್ರತಿ ವಿಭಜನೆಗೂ ಸವೆಯುತ್ತದೆ. ಪೂರ್ತಿ ಸವೆದಾಗ ಕೋಶ ಒಡೆಯುವುದನ್ನು ನಿಲ್ಲಿಸಬೇಕು. ಟರ್ಟ್ ಎಂಬ ಜೀನಿನ ಸ್ವಿಚ್ಚಿನಲ್ಲಿ ಅಕ್ಷರ ತಪ್ಪಿದರೆ ಆ ಅಂಚನ್ನು ಮತ್ತೆ ಮತ್ತೆ ಹೊಲಿಯುವ ಕಿಣ್ವ ಎಚ್ಚರಗೊಳ್ಳುತ್ತದೆ, ಕೋಶಕ್ಕೆ ಮುಪ್ಪೇ ಇಲ್ಲದಂತಾಗುತ್ತದೆ.

ಮೊದಲ ತಪ್ಪು ಆದದ್ದು ಎಲ್ಲಿ? 2018ರಲ್ಲಿ ದಕ್ಷಿಣ ಕೊರಿಯಾದ ತಂಡವೊಂದು ಇದನ್ನು ಬೆನ್ನಟ್ಟಿತು. ಗ್ಲಿಯೋಬ್ಲಾಸ್ಟೋಮಾ ರೋಗಿಗಳಲ್ಲಿ ಗಡ್ಡೆಯಿಂದ ದೂರವಿದ್ದ, ನೋಡಲು ಆರೋಗ್ಯವಾಗಿಯೇ ಇದ್ದ ನೀರಿನ ಕೋಣೆಯ ಗೋಡೆಯನ್ನು ಪರೀಕ್ಷಿಸಿತು. ಗರ್ಭದಲ್ಲಿ ಮೆದುಳನ್ನು ಕಟ್ಟಿದ ಮೂಲಕೋಶಗಳ ಹಳೆಯ ಮನೆ ಅದೇ. ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ಗಡ್ಡೆಯಲ್ಲಿದ್ದ ಅದೇ ತಪ್ಪುಗಳು ಅಲ್ಲಿಯೂ ಸಣ್ಣ ಪ್ರಮಾಣದಲ್ಲಿ ಸಿಕ್ಕವು. ಗಡ್ಡೆ ಹಣೆಯ ಭಾಗದಲ್ಲಿ ಎದ್ದಿದ್ದರೂ ಅದರ ಬೀಜ ಹೊರಟದ್ದು ಆ ಹಳೆಯ ಮನೆಯಿಂದ. ಸೊರಬದಲ್ಲಿ 1957ರಲ್ಲಿ ಕಾಡಿನೊಳಕ್ಕೆ ಹೋಗಿ ಹುಡುಕಿದಂತೆಯೇ ಇದೂ ಮೂಲದ ಹುಡುಕಾಟ. ಕಾಡು ಮಾತ್ರ ತಲೆಯೊಳಗಿತ್ತು.

ಆಲೋಚನೆಯನ್ನೇ ಮೇಯುವುದು

2019ರಲ್ಲಿ ಬಂದ ಒಂದು ಶೋಧ ಇಡೀ ಕ್ಷೇತ್ರವನ್ನೇ ಬೆರಗುಗೊಳಿಸಿತು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಮಿಶೆಲ್ ಮೊಂಜೆ ಅವರ ತಂಡ, ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಫ್ರಾಂಕ್ ವಿಂಕ್ಲರ್ ಮತ್ತು ಥಾಮಸ್ ಕುನರ್ ಅವರ ತಂಡ, ಬೇರೆ ಬೇರೆಯಾಗಿ ಒಂದೇ ಸಂಗತಿಯನ್ನು ಕಂಡವು. ಗ್ಲಿಯೋಮಾ ಕೋಶಗಳು ಆರೋಗ್ಯವಂತ ನರಕೋಶಗಳ ಜೊತೆ ಸಿನಾಪ್ಸ್ ಕಟ್ಟಿಕೊಳ್ಳುತ್ತವೆ. ಎರಡು ನರಕೋಶಗಳು ಮಾತಾಡಿಕೊಳ್ಳುವ ಕೂಡುಸ್ಥಳವೇ ಸಿನಾಪ್ಸ್. ನರಕೋಶ ಸಂಕೇತ ಕಳಿಸಿದಾಗ ಗಡ್ಡೆಯ ಕೋಶವೂ ಅದನ್ನು ಪಡೆಯುತ್ತದೆ, ಆ ವಿದ್ಯುತ್ತಿನಿಂದಲೇ ಬೆಳೆಯುತ್ತದೆ. ಜೇಕಿನ ಎಳೆಗಳಂತೆ ಉದ್ದನೆಯ ನಾಳಗಳನ್ನು ಚಾಚಿ ಗಡ್ಡೆಯ ಕೋಶಗಳು ತಮ್ಮತಮ್ಮಲ್ಲೇ ಜಾಲ ಹೆಣೆದುಕೊಳ್ಳುತ್ತವೆ ಎಂಬುದು 2015ರಲ್ಲೇ ಗೊತ್ತಾಗಿತ್ತು. ಈ ಜಾಲ ವಿಕಿರಣಕ್ಕೂ ಸುಲಭವಾಗಿ ಬಗ್ಗುವುದಿಲ್ಲ.

ಇಲ್ಲೂ ಹಳೆಯ ಪಾಠವೇ. ಎಳೆಯ ಗ್ಲಿಯಾ ಕೋಶಗಳು ಮೆದುಳಿನ ಬೆಳವಣಿಗೆಯ ಕಾಲದಲ್ಲಿ ನರಕೋಶಗಳ ಮಾತು ಕೇಳಿಸಿಕೊಂಡು, ಎಲ್ಲಿ ಹೊದಿಕೆ ಬೇಕೋ ಅಲ್ಲಿ ಬೆಳೆಯುತ್ತವೆ. ಗಡ್ಡೆ ಬಳಸಿಕೊಳ್ಳುವುದು ಆ ಆಲಿಸುವ ಗುಣವನ್ನೇ.

ಬೆಂಗಳೂರಿನ ಪ್ರಯೋಗಶಾಲೆಗಳು

ಶಿಕಾರಿಪುರದಿಂದ ಹೊರಟ ಆ ರಾತ್ರಿ ಬಸ್ಸಿನ ಗುರಿ ಬಹಳಷ್ಟು ಸಲ ನಿಮ್ಹಾನ್ಸ್ ಆಸ್ಪತ್ರೆ. ಅಲ್ಲಿ ಶಸ್ತ್ರಚಿಕಿತ್ಸೆಯಷ್ಟೇ ಅಲ್ಲ, ಹುಡುಕಾಟವೂ ನಡೆದಿದೆ. ನಿಮ್ಹಾನ್ಸ್‌ನ ನ್ಯೂರೋಪೆಥಾಲಜಿ ತಜ್ಞೆ ವಾಣಿ ಸಂತೋಷ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ತಮ್ಮ ಸಹೋದ್ಯೋಗಿಗಳ ಜೊತೆ ವರ್ಷಗಟ್ಟಲೆ ನಮ್ಮ ರೋಗಿಗಳ ಗ್ಲಿಯೋಮಾಗಳನ್ನು ಅಧ್ಯಯನ ಮಾಡಿದ್ದಾರೆ. 2013ರಲ್ಲಿ ಅವರು 14 ಜೀನ್‌ಗಳ ಒಂದು ಪಟ್ಟಿ ಪ್ರಕಟಿಸಿದರು. ಸೂಕ್ಷ್ಮದರ್ಶಕದಡಿ ಒಂದೇ ರೀತಿ ಕಾಣುವ ಎರಡು ಗ್ಲಿಯೋಬ್ಲಾಸ್ಟೋಮಾಗಳಲ್ಲಿ ಯಾವುದು ಹೆಚ್ಚು ಅಪಾಯದ್ದು ಎಂಬುದನ್ನು ಆ ಜೀನ್‌ಗಳ ಚಟುವಟಿಕೆ ತಿಳಿಸುತ್ತದೆ. 1995ರಿಂದ ನಿಮ್ಹಾನ್ಸ್‌ನಲ್ಲಿ ಮೆದುಳಿನ ಬ್ಯಾಂಕೂ ಇದೆ, ಎಸ್.ಕೆ. ಶಂಕರ್ ಅವರು ಕಟ್ಟಿ ಬೆಳೆಸಿದ್ದು. ಕುಟುಂಬಗಳು ದುಃಖದ ನಡುವೆಯೂ ಒಪ್ಪಿ ಕೊಟ್ಟ ಮೆದುಳುಗಳು ಅಲ್ಲಿ ಸಂಶೋಧನೆಗಾಗಿ ಕಾಪಾಡಲ್ಪಟ್ಟಿವೆ. ಈ ಅಧ್ಯಾಯದಲ್ಲಿ ಹೇಳಿದ ಬಹಳಷ್ಟು ಸಂಗತಿಗಳ ಹಿಂದೆ, ಯಾವುದೇ ದೇಶದಲ್ಲಿರಲಿ, ಅಂಥ ಕೊಡುಗೆಗಳಿವೆ.

ಅವರ ಋಣ ದೊಡ್ಡದು, ಗೆಲುವು ಇನ್ನೂ ಸಣ್ಣದು. ಗ್ಲಿಯೋಬ್ಲಾಸ್ಟೋಮಾಕ್ಕೆ ವಿಕಿರಣದ ಜೊತೆ ಟೆಮೊಜೊಲೊಮೈಡ್ ಗುಳಿಗೆ ಕೊಟ್ಟಾಗ ಸರಾಸರಿ ಆಯಸ್ಸು 12.1 ತಿಂಗಳಿಂದ 14.6 ತಿಂಗಳಿಗೆ ಏರಿತು ಎಂದು 2005ರಲ್ಲಿ ಸಾಬೀತಾಯಿತು. ಇಂದಿಗೂ ಅದೇ ಮುಖ್ಯ ಚಿಕಿತ್ಸೆ.

ಹೊರಗಿನದು ಏನೂ ಇಲ್ಲವೇ?

ಇದೆ, ಸ್ವಲ್ಪ. ಮೆದುಳಿನ ಗಡ್ಡೆ ತರುತ್ತದೆ ಎಂದು ಗಟ್ಟಿಯಾಗಿ ಸಾಬೀತಾದ ಹೊರಗಿನ ಕಾರಣ ಎಕ್ಸ್‌ರೇಯಂಥ ತೀಕ್ಷ್ಣ ವಿಕಿರಣ. 1950ರ ಆಸುಪಾಸಿನಲ್ಲಿ ಇಸ್ರೇಲಿನಲ್ಲಿ ತಲೆಯ ಹುಳುಕಡ್ಡಿಗೆ ಮದ್ದಾಗಿ ಸಾವಿರಾರು ಮಕ್ಕಳ ತಲೆಗೆ ಎಕ್ಸ್‌ರೇ ಹಾಯಿಸಿದ್ದರು. ದಶಕಗಳ ನಂತರ ಅವರಲ್ಲಿ ಮೆನಿಂಜಿಯೋಮಾ ಬಹಳ ಹೆಚ್ಚಿರುವುದು ಕಂಡಿತು. ಆ ವಿಕಿರಣಕ್ಕೆ ಡಿಎನ್‌ಎಯ ಎಳೆಯನ್ನೇ ತುಂಡರಿಸುವ ಶಕ್ತಿಯಿದೆ. ಮೊಬೈಲ್ ಟವರಿನ ರೇಡಿಯೋ ಅಲೆಗಳಿಗೆ ಆ ಶಕ್ತಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ವ್ಯಾಪಕ ಪರಿಶೀಲನೆಯಲ್ಲಿ ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಸಿಗಲಿಲ್ಲ.

ಹಂದಿಗೋಡಿನಂತೆ ವಂಶದಿಂದ ಇಳಿಯುವುದೂ ಉಂಟು. ಪಿ53 ಜೀನಿನ ದೋಷವನ್ನೇ ಹೊತ್ತು ಹುಟ್ಟುವ ಕುಟುಂಬಗಳಿವೆ, ನ್ಯೂರೋಫೈಬ್ರೊಮಟೋಸಿಸ್ ಇರುವವರಿದ್ದಾರೆ. ಎಲ್ಲ ಸೇರಿದರೂ ನೂರಕ್ಕೆ ಐದರ ಆಸುಪಾಸು. ಉಳಿದವರ ತಪ್ಪು ಅಕ್ಷರ ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಅದು ಆ ಒಬ್ಬರ ಆ ಒಂದು ಕೋಶದಲ್ಲಿ ಆದದ್ದು.

‘ನಮ್ಮ ಬೀದಿಯಲ್ಲೇ ಎರಡು ಜನರಿಗೆ ಬಂತಲ್ಲ’ ಎಂದು ಕೇಳುವವರಿದ್ದಾರೆ. ಭಾರತದಲ್ಲಿ ವರ್ಷಕ್ಕೆ ಲಕ್ಷಕ್ಕೆ ಐದರಿಂದ ಹತ್ತು ಜನರಿಗೆ ಮೆದುಳು, ನರಮಂಡಲದ ಗಡ್ಡೆ ಕಾಣಿಸಿಕೊಳ್ಳುತ್ತದೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ಸೇರಿ ಜನಸಂಖ್ಯೆ ನಾಲ್ಕು ಲಕ್ಷ ಮೀರುತ್ತದೆ. ಅಂದರೆ ವರ್ಷಕ್ಕೆ ಇಪ್ಪತ್ತರಿಂದ ನಲವತ್ತು ಜನ. ಅಂಗಳದಲ್ಲಿ ಮೂವತ್ತು ರಾಗಿಕಾಳು ಚೆಲ್ಲಿ ನೋಡಿ: ಎಲ್ಲೋ ಎರಡು ಪಕ್ಕಪಕ್ಕದಲ್ಲಿ ಬಿದ್ದಿರುತ್ತವೆ. ಅವುಗಳನ್ನು ಯಾರೂ ಕೂಡಿಸಿ ಇಟ್ಟಿರುವುದಿಲ್ಲ.

ಒಂದು ಮಾತು ಮಾತ್ರ ಎಲ್ಲರೂ ತಿಳಿದಿರಬೇಕು. ದೊಡ್ಡವರಿಗೆ ಮೊದಲ ಬಾರಿ ಫಿಟ್ಸ್ ಬಂದರೆ, ಬೆಳಿಗ್ಗೆ ಏಳುವಾಗ ವಾಂತಿಯ ಜೊತೆ ತಲೆನೋವು ದಿನದಿನಕ್ಕೆ ಹೆಚ್ಚಿದರೆ, ಒಂದು ಪಕ್ಕದ ಕೈಕಾಲು ಸೋತರೆ, ಮಾತು ತೊದಲಿದರೆ ಸ್ಕ್ಯಾನ್ ಮಾಡಿಸಬೇಕು. ತಾಯತ ಕಟ್ಟಿ ಕಾಯಬಾರದು. ಫಿಟ್ಸ್ ಬಂದವರ ಸ್ಕ್ಯಾನಿನಲ್ಲಿ ಕಾಣುವ ಚುಕ್ಕೆಯೆಲ್ಲ ಟ್ಯೂಮರೂ ಅಲ್ಲ. ನಮ್ಮ ದೇಶದಲ್ಲಿ ಅದು ಎಷ್ಟೋ ಸಲ ಲಾಡಿಹುಳುವಿನ ಮರಿ ಅಥವಾ ಕ್ಷಯದ ಗಂಟು ಆಗಿರುತ್ತದೆ, ಎರಡಕ್ಕೂ ಮದ್ದಿದೆ. ತಲೆನೋವು ಬಂದವರಲ್ಲಿ ಬಹುತೇಕರಿಗೆ ಇದ್ಯಾವುದೂ ಇರುವುದಿಲ್ಲ.

ಇನ್ನು ಆ ರಾತ್ರಿ ಬಸ್ಸಿನಲ್ಲಿ ಕೂತ ತಾಯಿಗೆ ಒಂದು ಮಾತು. ನೀವು ಮಾಡಿದ ತಪ್ಪಿಗಾಗಿ ಇದು ಬಂದದ್ದಲ್ಲ. ತೊಟ್ಟಿಲಿನಿಂದ ಬಿದ್ದದ್ದಕ್ಕಲ್ಲ, ಹರಕೆ ಮರೆತದ್ದಕ್ಕಲ್ಲ, ಮಗ ಫೋನ್ ಹಿಡಿದು ಕೂರುತ್ತಿದ್ದ ಎಂಬುದಕ್ಕೂ ಅಲ್ಲ. ನಿಮ್ಮ ಗರ್ಭದಲ್ಲಿ ಅವನ ಮೆದುಳನ್ನು ಕೋಶ ಕೋಶವಾಗಿ ಕಟ್ಟಿದ ಕೆಲಸದಲ್ಲೇ ಈ ಶಕ್ತಿಯಿತ್ತು. ಎಷ್ಟೋ ವರ್ಷಗಳ ಮೇಲೆ ಆ 300 ಕೋಟಿ ಅಕ್ಷರಗಳನ್ನು ನಕಲು ಮಾಡುವಾಗ ಒಂದು ಕೋಶದಲ್ಲಿ ಕೆಲವು ಅಕ್ಷರ ಜಾರಿದವು. ಆ ಅಕ್ಷರಗಳು ಯಾವುವು ಎಂದು ಓದಲು ಕಲಿತವರು ಈಗ ಇದ್ದಾರೆ. ತಿದ್ದುವುದನ್ನೂ ಅವರು ಒಂದೊಂದಾಗಿ ಕಲಿಯುತ್ತಿದ್ದಾರೆ.